ಶನಿವಾರ, ಏಳೂವರೆಗೆ

ಇನ್ನೂ ಎರಡು ದಿನ ಇದೆ.
ಆಗಲೇ ಸೋಜನ್ ಬೇಕರಿ ಮುಂದೆ
ಹಳದಿ ಬಲೂನು ಕಟ್ಟಿದ್ದಾನೆ.
ಹನ್ನೊಂದರ ಬಿಸಿಲಿಗೆ ಒಂದು ಪಟ್ಟೆಂದಿತು.
ಚಾ ಲೋಟ ಇಳಿಸಿ ಹೇಳಿದೆ:
ಒಂದು–ಸೊನ್ನೆ.

ಕೌಲ್ ಬಜಾರಿನ ನಮ್ಮ ಗಲ್ಲಿಯಲ್ಲಿ
ಕ್ರಿಕೆಟ್ಟು ಬಿಟ್ಟು ಬೇರೆ ಆಟಕ್ಕೆ ನಿದ್ದೆಗೆಡುವವರು ಇಬ್ಬರೇ.
ಕೋಟ್ಟಯಂನಿಂದ ಬಂದು ಹದಿನೆಂಟು ವರ್ಷ
ಇಲ್ಲೇ ಬನ್ನು ಸುಡುತ್ತಿರುವ ಅವನು,
ಮತ್ತೆ ನಾನು, ಹುಲಿಗೆಮ್ಮ,
ಜೀನ್ಸಿಗೆ ಹಿಂಜೇಬು ಕೂರಿಸುವವಳು.

ಹೆಂಗಸಿಗ್ಯಾಕೆ ಫುಟ್‌ಬಾಲು ಅನ್ನುತ್ತಾರೆ.
ಒಮ್ಮೆ ಕಾರ್ಖಾನೆಯವರ ದಪ್ಪ ಅಂಗಿಗಳ ಮೂಟೆ ಹೇರಿಕೊಂಡು
ಟೆಂಪೋದಲ್ಲಿ ತೋರಣಗಲ್ಲಿನ ಕಡೆ ಹೋಗಿದ್ದೆ.
ಎತ್ತ ನೋಡಿದರೂ ಅದಿರಿನ ಕೆಂಪು ಧೂಳು,
ಧೂಳಿನ ನಡುವೆ ಯಾರೋ ಒಣಹಾಕಿ ಮರೆತಂತೆ
ಒಂದು ಹಸಿರು ಮೈದಾನ,
ಅದರ ಮೇಲೆ ಬೆಂಗಳೂರಿನ ನೀಲಿ ಹುಡುಗರು.
ಬೇಲಿ ಹಾರಿ ಚೆಂಡು ನನ್ನ ಕಾಲ ಬಳಿ ಬಂತು.
ಸೆರಗು ಸಿಕ್ಕಿಸಿ ಒದ್ದೆ.
ಚಪ್ಪಲಿ ಬೇಲಿಯಾಚೆ ಬಿತ್ತು,
ಚೆಂಡು ಈಚೆಯೇ ಉಳಿಯಿತು.
ಗೋಲು ಕಾಯುವವನು ಓಡಿ ಬಂದು
ನನ್ನ ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ,
ಫೈನಲ್ ಉಳಿಸಿದವನ ಹಾಗೆ.
ಆವತ್ತಿನಿಂದ ನಾನು ಅವರ ಕಡೆ.
ಅವನೀಗ ಬೇರೆ ತಂಡದಲ್ಲಿದ್ದಾನೆ.
ಇರಲಿ.

ಹೋದ ವರ್ಷ ಕೊಚ್ಚಿಯವರು
ಎಂಬತ್ತೆಂಟನೇ ನಿಮಿಷಕ್ಕೆ ನುಗ್ಗಿಸಿದರು.
ಸೋಜನ್ ಗಲ್ಲಿಗೆಲ್ಲ ಪಫ್ಸು ಹಂಚಿದ.
ನನಗೆ ಎರಡು ಕೊಟ್ಟ,
ಮೆಲ್ಲಗೆ, ಸತ್ತ ಮನೆಗೆ ಬಂದವರು ಮಾತಾಡುವಂತೆ,
"ಬೇಜಾರಾಗಬೇಡ ಅಕ್ಕಾ."
ಅವನ ಜಂಬವನ್ನಾದರೂ ತಾಳಿಕೊಂಡೇನು,
ಆ ಎರಡನೇ ಪಫ್ಸನ್ನು ಇವತ್ತಿಗೂ ಕ್ಷಮಿಸಿಲ್ಲ.

ಈ ಸಲವೂ ಧೈರ್ಯ ಇಲ್ಲ, ನಿಜ ಹೇಳುತ್ತೇನೆ.
ನಮ್ಮ ಎಡಗಡೆಯ ಬ್ಯಾಕ್‌ಗೆ ಮೊಣಕಾಲು ನೋವು,
ನಾಯಕನಿಗೆ ವಯಸ್ಸು.
ಒಂದು ಕಾಲಕ್ಕೆ ಬಳ್ಳಾರಿ ಗುಡ್ಡದಂತಿದ್ದ ರಕ್ಷಣೆಗೆ
ಈಗ ಮೆಟ್ಟಿಲು ಕಡಿದಿದ್ದಾರೆ,
ಯಾರು ಬೇಕಾದರೂ ಹತ್ತಿ ಫೋಟೋ ತೆಗೆಸಿಕೊಳ್ಳಬಹುದು.
ಜೇಬಿನ ಮೂಲೆ ತಿರುಗಿಸುವಾಗ
ಕಣ್ಣ ಮುಂದೆ ಕಾರ್ನರ್ ಕಿಕ್ಕು.
ನಿನ್ನೆ ಒಂದು ಪ್ಯಾಂಟಿಗೆ
ಎರಡು ಎಡ ಜೇಬು ಕೂರಿಸಿಬಿಟ್ಟೆ.

ನಿನ್ನೆಯೇ ಸಂಜೆ ಅವನು ಬಂದ,
ಕಂಕುಳಲ್ಲಿ ಆರು ಮೀಟರ್ ಹಳದಿ ಬಟ್ಟೆ.
"ಅಕ್ಕಾ, ಬ್ಯಾನರಿಗೆ ಅಂಚು ಹೊಲಿದುಕೊಡು,
ಬೇರೆಯವರ ಹೊಲಿಗೆ ನಿಲ್ಲಲ್ಲ."
ಶತ್ರುವಿನ ಬಾವುಟ, ನನ್ನ ಮಷಿನ್ನಿಗೆ!
ನಲವತ್ತು ರೂಪಾಯಿ ಜಾಸ್ತಿ ಕೇಳಿದೆ.
ತಕರಾರಿಲ್ಲದೆ ಕೊಟ್ಟ.
ಹೊಲಿಗೆ ಸಡಿಲ ಬಿಡೋಣ,
ಹಾಫ್ ಟೈಮಿಗೆ ಬಿಚ್ಚಿಕೊಳ್ಳಲಿ ಅಂದುಕೊಂಡೆ.
ಕೈ ಒಪ್ಪಲಿಲ್ಲ. ಎರಡು ಸಲ ಓಡಿಸಿದೆ.

ದಾರ ಹುಡುಕಬೇಕಾಗಿರಲಿಲ್ಲ,
ಮಷಿನ್ನಿನಲ್ಲೇ ಇತ್ತು.
ಪಕ್ಕದಲ್ಲಿ ಸೊಲ್ಲಾಪುರಕ್ಕೆ ಹೋಗುವ ಮುನ್ನೂರು ಪ್ಯಾಂಟು,
ಒಂದೊಂದರ ಜೇಬು, ಪಟ್ಟಿ, ತೊಡೆಯ ಸಂದು
ಎಲ್ಲದರ ಮೇಲೂ ಅದೇ ಹಳದಿ ಗೆರೆ.
ಹನ್ನೆರಡು ವರ್ಷ
ಈ ನೀಲಿಯನ್ನು ಈ ಹಳದಿಯಿಂದಲೇ
ಹಿಡಿದು ನಿಲ್ಲಿಸುತ್ತ ಬಂದಿದ್ದೇನೆ,
ನಿನ್ನೆ ರಾತ್ರಿವರೆಗೂ ಕಂಡಿರಲಿಲ್ಲ.
ಇದನ್ನು ಸೋಜನ್‌ಗೆ ಹೇಳುವುದಿಲ್ಲ.
ಹೇಳಿದರೆ ಮುಂದಿನ ಸೀಸನ್‌ವರೆಗೂ ಬಿಡುವವನಲ್ಲ.

ಶನಿವಾರ ಓವರ್‌ಟೈಮ್ ಬೇಡ ಅಂದಿದ್ದೇನೆ.
ಮೇಸ್ತ್ರಿ ಯಾಕೆ ಅಂದ. ಹಲ್ಲುನೋವು ಅಂದೆ.
ಹಲ್ಲುನೋವು ಎರಡು ದಿನ ಮೊದಲೇ ಗೊತ್ತಾಗುತ್ತಾ ಅಂದ.
ಗೊತ್ತಾಗುತ್ತೆ.
ಏಳೂವರೆಗೆ ಬೇಕರಿಯ ಶಟರು ಅರ್ಧ ಇಳಿಯುತ್ತದೆ,
ಓವನ್ನಿನ ಕಡೆ ಅವನು,
ಫ್ರಿಜ್ಜಿನ ಕಡೆ ನಾನು,
ನಡುವೆ ಕರೆಂಟು ಹೋಗದಿರಲಿ ಎಂಬ
ಇಬ್ಬರದೂ ಒಂದೇ ಹರಕೆ.

ಡೆನಿಮ್ಮಿನ ಬಣ್ಣ ಉಗುರ ಸಂದಿಗೆ ಇಳಿದರೆ
ಸೀಗೆಪುಡಿ, ನಿಂಬೆಹಣ್ಣು, ಯಾವುದಕ್ಕೂ ಜಗ್ಗುವುದಿಲ್ಲ.
ಆದರೂ ದಿನಾ ರಾತ್ರಿ ತಿಕ್ಕುತ್ತೇನೆ.

ಈ ವಾರ ತಿಕ್ಕಿಲ್ಲ.